ಜಿಗ್ ಇಲ್ದೆ ಏರೋಪ್ಲೇನ್ ಕಟ್ಟಕ್ಕಾಗತ್ತೇನೋ?

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆಗೆ ಮಾಡೆಲ್ ವಿಮಾನದ ಮೂಗಿನ ಮುಂದಿರೋ ಪಿಟೋ ಟ್ಯೂಬ್ (ಗಾಳಿ ವೇಗ ಅಳೆಯೋ ಕೊಳವೆ) ಅಂಟಿಸ್ದೆ, ಅಲ್ಲಿಗೆ ಮುಗೀತು. ಹದಿಮೂರು ತಿಂಗಳು. ಹೋದ ಮುಂಗಾರಲ್ಲಿ ಆರ್ಡರ್ ಮಾಡಿದ್ದು, ಈಗ ಇನ್ನೊಂದು ಮುಂಗಾರು ಬಂದು ಕೂತಿದೆ. ಮನೇಲಿ ಎಲ್ರೂ ಮಲಗಿದ್ರು, ನಾನೊಬ್ನೇ ಡೈನಿಂಗ್ ಟೇಬಲ್ ಮುಂದೆ ಕೂತು ಆ 35 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ವಿಮಾನನ ನೋಡ್ತಾ ಇದ್ದೆ. ಖುಷಿ ಅಂತೇನೂ ಅನ್ನಿಸ್ಲಿಲ್ಲ, ಕೊನೇ ಪೇಪರ್ ಬರೆದು ಎಕ್ಸಾಮ್ ಹಾಲಿಂದ ಆಚೆ ಬಂದಂಗಿತ್ತು ಅಷ್ಟೆ. ಇದನ್ನ ಯಾಕೆ ಬರೀತಿದೀನಿ ಅಂದ್ರೆ, ನಾನು ಶುರು ಮಾಡೋ ಮುಂಚೆ ಯಾರಾದ್ರೂ ಕನ್ನಡದಲ್ಲಿ ಹಿಂಗಿಂಗೆ ಅಂತ ಬರೆದಿಟ್ಟಿದ್ದಿದ್ರೆ ನನ್ನ ಎರಡು ತಿಂಗಳೂ ಉಳೀತಿತ್ತು, ಒಂದು ಕ್ಯಾನೊಪಿನೂ (ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳ) ಉಳೀತಿತ್ತು.

ಕಟ್ಟಿದ್ದು ಜಾಗ್ವಾರ್ ಯುದ್ಧವಿಮಾನ, 1/48 ಸ್ಕೇಲ್. ಅಂದ್ರೆ ನಿಜವಾದ ವಿಮಾನದ ನಲವತ್ತೆಂಟನೇ ಒಂದು ಭಾಗ. ರೆಕ್ಕೆ ತುದಿಯಿಂದ ತುದಿಗೆ ನಿಜವಾದ್ದು 8.69 ಮೀಟರ್, ನಂದು 18 ಸೆಂಟಿಮೀಟರ್. ಜಾಗ್ವಾರೇ ಯಾಕೆ ಅಂದ್ರೆ ಕಾರಣ ಅಪ್ಪ. ಅಪ್ಪ ಎಚ್ಎಎಲ್‌ನಲ್ಲಿ ಫಿಟ್ಟರ್ ಆಗಿದ್ರು. ಬ್ರಿಟನ್–ಫ್ರಾನ್ಸ್ ಸೇರಿ ಮಾಡಿದ ಈ ವಿಮಾನ 1979ರಲ್ಲಿ ಅಂಬಾಲಾಗೆ ಬಂತು, ಆಮೇಲೆ ಬೆಂಗಳೂರಲ್ಲೇ ಕಟ್ಟೋಕೆ ಶುರು ಮಾಡಿದ್ರು, 1982ರಲ್ಲಿ ಇಲ್ಲಿ ಜೋಡಿಸಿದ ಮೊದಲನೇದು ಹಾರ್ತು. ನಮ್ಮ ವಾಯುಸೇನೇಲಿ ಇದಕ್ಕೆ ಶಂಶೇರ್ ಅಂತ ಹೆಸರು. ಅಪ್ಪ ಅದೇ ಲೈನಲ್ಲಿ ಎಷ್ಟೋ ವರ್ಷ ದುಡಿದ್ರು, ಆದ್ರೆ ಮನೇಲಿ ಶಾಪ್ (ಕಾರ್ಖಾನೆ) ವಿಷಯ ಬಾಯಿಬಿಡ್ತಿರ್ಲಿಲ್ಲ. ನಾವಿರೋದು ಮುರುಗೇಶ್‌ಪಾಳ್ಯದಲ್ಲಿ. ಚಿಕ್ಕವನಿದ್ದಾಗ ತಲೆ ಮೇಲೆ ಗಡಗಡ ಅಂತ ಏನಾದ್ರೂ ಹೋದ್ರೆ ಅಪ್ಪ ಊಟ ಮಾಡ್ತಾ ತಲೆ ಎತ್ತದೇನೇ "ನಮ್ದು" ಅನ್ನೋರು, ಅಷ್ಟೇ. ಫ್ರಾನ್ಸ್ 2005ರಲ್ಲಿ ಬಿಡ್ತು, ಇಂಗ್ಲೆಂಡ್ 2007ರಲ್ಲಿ, ಒಮಾನ್ 2014ರಲ್ಲಿ. ಈಗ ಜಗತ್ತಲ್ಲಿ ಜಾಗ್ವಾರ್ ಹಾರಿಸ್ತಿರೋರು ನಾವೊಬ್ರೇ. ಅವೂ ಹೋಗೋ ಮುಂಚೆ ಒಂದು ಮನೇಲಿರ್ಲಿ ಅಂತ ಆಸೆ.

ಕಿಟ್ ಕಂಪನಿ ಹೆಸರು ಹೇಳಲ್ಲ, ಬೈಯೋದು ತುಂಬಾ ಇದೆ ಮುಂದೆ.

ಮೊದಲನೇ ಪಾಠ ಕಿಟ್ ಮನೆಗೆ ಬರೋ ಮುಂಚೇನೇ ಆಯ್ತು. ಇಲ್ಲಿನ ಅಂಗಡಿಗಳಲ್ಲಿ ಸಿಗ್ಲಿಲ್ಲ ಅಂತ ಹೊರದೇಶದಿಂದ ತರಿಸ್ದೆ. ಕಿಟ್ಟು, ಶಿಪ್ಪಿಂಗು ಸೇರಿ 7,900 ಆಯ್ತು. ಎಂಟು ದಿನದಲ್ಲಿ ಇಂಡಿಯಾಗೆ ಬಂತು, ಆಮೇಲೆ ಟ್ರ್ಯಾಕಿಂಗ್ ಅಲ್ಲೇ ನಿಂತೋಯ್ತು. ದಿನಾ ಬೆಳಗ್ಗೆ ಎದ್ದು ಕಾಫಿ ಕುಡಿಯೋ ಮುಂಚೆ ಅದನ್ನೇ ನೋಡೋದು, ಅದೇ ಸಾಲು, ಕಸ್ಟಮ್ಸ್‌ನಲ್ಲಿ ಪೆಂಡಿಂಗ್. ಇಪ್ಪತ್ತಮೂರು ದಿನ. ಮಧ್ಯದಲ್ಲಿ ಕೊರಿಯರ್‌ನವ್ರು ಕೆವೈಸಿ ಕೇಳಿದ್ರು, ಆಧಾರ್ ಕಳಿಸ್ದೆ. ಇನ್‌ವಾಯ್ಸ್ ಕೇಳಿದ್ರು, ಕಳಿಸ್ದೆ. ದುಡ್ಡು ಕಟ್ಟಿದ್ದಕ್ಕೆ ಪ್ರೂಫ್ ಕೇಳಿದ್ರು, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸ್ದೆ. ಆಮೇಲೆ ಇದು ಆಟದ ಸಾಮಾನಾ, ಬಿಐಎಸ್ ಮಾರ್ಕ್ (ಗುಣಮಟ್ಟದ ಸರ್ಕಾರಿ ಗುರುತು) ಎಲ್ಲಿ ಅಂತ ಒಂದು ಮೇಲ್ ಬಂತು. 2021 ಜನವರಿಯಿಂದ ಮಕ್ಕಳ ಆಟಿಕೆಗೆ ಬಿಐಎಸ್ ಕಡ್ಡಾಯ, ಅದು ಹದಿನಾಲ್ಕು ವರ್ಷದ ಒಳಗಿನವರ ಆಟಿಕೆಗೆ. ಕಿಟ್ ಡಬ್ಬದ ಮೇಲೆ ಹದಿನಾಲ್ಕು ಪ್ಲಸ್ ಅಂತ ಮುದ್ರಿಸಿರ್ತಾರೆ. ಅದರ ಫೋಟೋನ ಮಾರೋ ವೆಬ್‌ಸೈಟಿಂದ ತೆಗೆದು, ಸ್ವಂತಕ್ಕೆ ತರಿಸಿದ್ದು ಮಾರೋದಕ್ಕಲ್ಲ ಅಂತ ಒಂದು ಹಾಳೇಲಿ ಬರೆದು ಸೈನ್ ಮಾಡಿ ಕಳಿಸಿದ್ಮೇಲೆ ಬಿಟ್ರು.

ಬಿಟ್ರು ಅಂದ್ರೆ ಡ್ಯೂಟಿ ಹಾಕಿ ಬಿಟ್ರು. ಸ್ಕೇಲ್ ಮಾಡೆಲ್ ಕಿಟ್‌ಗಳು ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆ ಜತೆಗೇ ಬರ್ತವೆ. ಆಟಿಕೆ ಮೇಲಿನ ಮೂಲ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. ಅದರ ಮೇಲೆ ಸರ್ಚಾರ್ಜ್, ಅದರ ಮೇಲೆ ಜಿಎಸ್‌ಟಿ. ಕೊರಿಯರ್‌ನವರ ಹ್ಯಾಂಡ್ಲಿಂಗ್ ಸೇರಿ ನಾನು ಕಟ್ಟಿದ್ದು 8,351 ರೂಪಾಯಿ. ಕಿಟ್‌ಗಿಂತ ಜಾಸ್ತಿ! ಆದ್ದರಿಂದ ನನ್ನ ಮಾತು ಕೇಳಿ, ನಿಮಗೆ ಬೇಕಾದ ಕಿಟ್ ಇಲ್ಲೇ ಯಾವುದಾದ್ರೂ ಹಾಬಿ ಅಂಗಡೀಲಿ ಇದ್ರೆ, ರೇಟ್ ನೋಡಿ ಹೌಹಾರದೆ ಅಲ್ಲೇ ತಗೊಳಿ, ಆ ರೇಟಲ್ಲಿ ಈ ಡ್ಯೂಟಿ ಎಲ್ಲಾ ಸೇರ್ಕೊಂಡಿರತ್ತೆ. ಹೊರಗಿಂದ ತರಿಸಲೇಬೇಕು ಅಂದ್ರೆ ಇನ್‌ವಾಯ್ಸು, ಪೇಮೆಂಟ್ ಪ್ರೂಫು, ಆ ಹದಿನಾಲ್ಕು ಪ್ಲಸ್ ಫೋಟೋ, ಈ ಮೂರೂ ಮೊದಲೇ ಒಂದು ಫೋಲ್ಡರಲ್ಲಿಟ್ಕೊಳಿ. ಅವ್ರು ಕೇಳಿದ ದಿನಾನೇ ಕಳಿಸಿದ್ರೆ ಹತ್ತು ದಿನ ಉಳಿಯತ್ತೆ.

ಡಬ್ಬ ತೆಗೆದಾಗ ಮಾತ್ರ ಎಲ್ಲಾ ಮರ್ತೋಯ್ತು. ಬೂದಿ ಬಣ್ಣದ ಫ್ರೇಮುಗಳು ಒಂದರ ಮೇಲೊಂದು, ಪ್ಲಾಸ್ಟಿಕ್ ವಾಸನೆ, ಪುಟ್ಟ ಪುಟ್ಟ ರಿವೆಟ್ ಗುರುತು, ಹಿತ್ತಾಳೆ ಹಾಳೇಲಿ ಕೊರೆದ ಸೀಟ್ ಬೆಲ್ಟು. ಮಗಳು ಬಂದು "ಪಪ್ಪ ಇದು ಲೆಗೋನಾ" ಅಂದ್ಲು. ಲೆಗೋ ಆಗಿದ್ದಿದ್ರೆ ಪುಣ್ಯ ಇತ್ತು. ಲೆಗೋಲಿ ತುಂಡುಗಳು ಒಂದಕ್ಕೊಂದು ಕೂರ್ತವೆ.

ಆಗಸ್ಟ್, ಸೆಪ್ಟೆಂಬರ್ ಕಾಕ್‌ಪಿಟ್‌ಗೆ ಹೋಯ್ತು. ಇದರ ಬಗ್ಗೆ ಹೆಚ್ಚಿಗೆ ಹೇಳೋದಿಲ್ಲ, ಚೆನ್ನಾಗೇ ಬಂತು. ಒಂದೇ ವಿಷಯ, ಆ ಹಿತ್ತಾಳೆ ಪಾರ್ಟುಗಳನ್ನ ಬ್ಲೇಡಲ್ಲಿ ಕತ್ತರಿಸುವಾಗ ಮೇಲೆ ಒಂದು ಸೆಲೋಟೇಪ್ ಅಂಟಿಸಿ ಕತ್ತರಿಸಿ. ಇಲ್ದಿದ್ರೆ ಟಿಕ್ ಅಂತ ಒಂದು ಸದ್ದು ಬರತ್ತೆ, ಪಾರ್ಟ್ ಇರಲ್ಲ. ನನ್ನ ಥ್ರಾಟಲ್ ಲಿವರ್ ಹಂಗೇ ಹೋಯ್ತು. ಟಾರ್ಚ್ ಹಿಡ್ಕೊಂಡು ನೆಲಕ್ಕೆ ಕೆನ್ನೆ ಇಟ್ಟು ಮುಕ್ಕಾಲು ಗಂಟೆ ಹುಡುಕ್ದೆ. ನಾಲ್ಕು ದಿನ ಆದ್ಮೇಲೆ ನಮ್ಮನೇವ್ಳು ಗುಡಿಸುವಾಗ ಪೊರಕೆ ಕಡ್ಡಿ ಮಧ್ಯೆ ಸಿಕ್ತು, "ರೀ ಇದೇನಾ ನಿಮ್ಮ ಏರೋಪ್ಲೇನು" ಅಂತ ಬೆರಳ ತುದೀಲಿ ತಂದು ತೋರಿಸಿದ್ಲು.

ಅಸಲಿ ಕಥೆ ಶುರುವಾಗಿದ್ದು ಬಾಡಿ ಜೋಡಿಸುವಾಗ. ಒಳ್ಳೆ ಕಿಟ್‌ಗಳಲ್ಲಿ ಫ್ಯೂಸಲೇಜ್ (ವಿಮಾನದ ಮೈ) ಎಡ–ಬಲ ಎರಡೇ ಹೋಳು, ಕಡಲೇಕಾಯಿ ಸಿಪ್ಪೆ ಥರ. ಇದರಲ್ಲಿ ಮೂಗು ಬೇರೆ, ಮಧ್ಯದ ಭಾಗ ಬೇರೆ, ಹಿಂದಿನದು ಬೇರೆ, ಎಂಜಿನ್‌ಗೆ ಗಾಳಿ ಹೋಗೋ ಏರ್ ಇನ್‌ಟೇಕ್ ಎರಡು ಬೇರೆ, ಒಳಗೆ ಎರಡು ಅಡೋರ್ ಎಂಜಿನ್ ಪೂರ್ತಿ ಡೀಟೇಲ್ ಸಮೇತ, ಮೇಲೆ ತೆಗೆದು ಹಾಕೋ ಬಾಗಿಲುಗಳು. ಡಬ್ಬದ ಮೇಲೆ ಓದೋದಕ್ಕೆ ಭಾಳ ಚೆಂದ. ಕೈಗೆ ತಗೊಂಡಾಗ ಮೂಗಿನ ಭಾಗಕ್ಕೂ ಇನ್‌ಟೇಕ್‌ಗೂ ಮಧ್ಯೆ ಉಗುರು ತೂರಿಸೋ ಅಷ್ಟು ಸಂದಿ, ಇನ್ನೊಂದು ಕಡೆ ಮೆಟ್ಟಿಲ ಥರ ಒಂದು ಎತ್ತರ ಒಂದು ತಗ್ಗು. ಎಡಗಡೆ ಸರಿ ಮಾಡಿದ್ರೆ ಬಲಗಡೆ ಬಾಯಿ ಬಿಡತ್ತೆ. ಇನ್‌ಸ್ಟ್ರಕ್ಷನ್ ಶೀಟಲ್ಲಿ ಮಾತ್ರ ಒಂದು ಬಾಣ, ಬಾಣ ಹೋಗಿ ಅಲ್ಲಿ ಕೂರತ್ತೆ, ಮುಂದಿನ ಚಿತ್ರದಲ್ಲಿ ಎಲ್ಲಾ ಒಂದಾಗಿರತ್ತೆ. ಹೆಂಗೆ ಒಂದಾಯ್ತು ಅಂತ ಅವ್ರಿಗೂ ದೇವರಿಗೂ ಗೊತ್ತು.

ನಾನು ಮಾಡಿದ ತಪ್ಪು ಏನಂದ್ರೆ ಶೀಟಲ್ಲಿರೋ ಆರ್ಡರಲ್ಲೇ ಒಂದೊಂದೇ ಅಂಟಿಸ್ತಾ ಹೋದೆ. ಎಂಜಿನ್ ಒಳಗಿಟ್ಟೆ, ಮಧ್ಯದ ಭಾಗ ಮುಚ್ಚಿದೆ, ಮೂಗು ಕೈಯಲ್ಲಿ ಹಿಡಿದು ಅಂಟು ಬಿಟ್ಟು ಹತ್ತು ನಿಮಿಷ ಅದುಮಿ ಕೂತೆ. ಬೆಳಗ್ಗೆ ನೋಡಿದ್ರೆ ಮೂಗು ಒಂದು ಕಡೆಗೆ ವಾಲಿದೆ. ಸ್ವಲ್ಪ ಅಲ್ಲ, ಮುಂದಿನಿಂದ ನೋಡಿದ್ರೆ ಕತ್ತು ನೋವು ಬಂದವರ ಥರ. ಸಂದಿಗೆ ಜೆಸಿ ರೋಡಿಂದ ಕಾರ್ ಪೇಂಟರ್‌ಗಳು ಹಾಕೋ ಎನ್‌ಸಿ ಪುಟ್ಟಿ ತಂದು ಮೆತ್ತಿದೆ. ಆ ಪುಟ್ಟೀಲಿ ಥಿನ್ನರ್ ಇರತ್ತೆ, ತೆಳ್ಳಗೆ ಹಚ್ಚಿದ್ರೆ ತೊಂದರೆ ಇಲ್ಲ, ನಾನು ಗೋಡೆಗೆ ಹಚ್ಚಿದಂಗೆ ಹಚ್ಚಿದ್ದೆ. ಎರಡು ದಿನದಲ್ಲಿ ಕೆಳಗಿನ ಪ್ಲಾಸ್ಟಿಕ್ಕೇ ಮೆತ್ತಗಾಗಿ ಒಳಕ್ಕೆ ಗುಂಡಿ ಬಿತ್ತು. ಮತ್ತೆ ಪುಟ್ಟಿ, ಮತ್ತೆ ವಾಟರ್ ಪೇಪರ್. ನವೆಂಬರ್ ಪೂರ್ತಿ ಆಫೀಸಿಂದ ಬರೋದು, ಉಜ್ಜೋದು, ಬೈಕೊಳೋದು, ಮಲಗೋದು. ಡಿಸೆಂಬರ್ ಮೊದಲನೇ ವಾರ ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟೆ. ಹದಿನಾರು ಸಾವಿರ ಅಟ್ಟದ ಮೇಲೆ ಕೂತಿದೆ ಅಂತ ಯಾರಿಗೂ ಹೇಳ್ಲಿಲ್ಲ.

ಸಂಕ್ರಾಂತಿಗೆ ಮನೆ ಕ್ಲೀನ್ ಮಾಡುವಾಗ ಡಬ್ಬ ಕೆಳಗೆ ಬಂತು. ಅಪ್ಪ ಅಲ್ಲೇ ಕುರ್ಚಿ ಮೇಲೆ ಕೂತು ಎಳ್ಳು–ಬೆಲ್ಲಕ್ಕೆ ಕೊಬ್ಬರಿ ಹೆಚ್ತಾ ಇದ್ರು. ಡಬ್ಬದ ಮೇಲಿನ ಚಿತ್ರ ನೋಡಿ ಚಾಕು ಕೆಳಗಿಟ್ರು. ಅದುವರೆಗೂ ನಾನು ಏನು ಕಟ್ತಿದೀನಿ ಅಂತ ಅವ್ರಿಗೆ ಸರಿಯಾಗಿ ಹೇಳಿರ್ಲಿಲ್ಲ, ಮುಗಿಸಿ ತೋರಿಸೋಣ ಅಂತಿದ್ದೆ. ಕೈಗೆ ತಗೊಂಡು ಕನ್ನಡಕ ಹಣೆಗೇರಿಸಿ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದ್ರು, ಬಡಗಿಗಳು ಹಲಗೆ ನೋಡ್ತಾರಲ್ಲ ಹಂಗೆ.

"ಯಾತರಲ್ಲಿ ಕೂರಿಸಿ ಜೋಡಿಸ್ದೆ ಇದನ್ನ?"

"ಯಾತರಲ್ಲಿ ಅಂದ್ರೆ? ಕೈಯಲ್ಲೇ ಅಪ್ಪ."

"ಜಿಗ್ ಇಲ್ದೆ ಏರೋಪ್ಲೇನ್ ಕಟ್ಟಕ್ಕಾಗತ್ತೇನೋ?"

ಜಿಗ್ ಅಂದ್ರೆ ಜೋಡಿಸುವಾಗ ಭಾಗಗಳು ಅಲುಗದಂಗೆ ಹಿಡಿದಿಡೋ ಚೌಕಟ್ಟು. ಬೈದಿದ್ದಲ್ಲ, ನಿಜವಾಗ್ಲೂ ಆಶ್ಚರ್ಯ ಆಗಿತ್ತು ಅವ್ರಿಗೆ. ನಲವತ್ತೊಂದು ವರ್ಷದ ಮಗ, ಇಂಜಿನಿಯರಿಂಗ್ ಓದಿದೋನು, ಕೈಯಲ್ಲಿ ಹಿಡ್ಕೊಂಡು ವಿಮಾನ ಜೋಡಿಸಿದಾನೆ ಅಂತ. ಅವತ್ತು ಸಂಜೆ ಫ್ರಿಜ್ಜಿನ ಹಳೇ ರಟ್ಟಿನ ಡಬ್ಬ ಇಳಿಸಿದ್ರು. ಮಗಳ ಜಾಮಿಟ್ರಿ ಬಾಕ್ಸಿಂದ ಮೂಲೆಮಟ್ಟ, ಸ್ಕೇಲು. ಡ್ರಾಯಿಂಗ್ ಬೇಕು ಅಂದ್ರು, 1/48 ಅಳತೆಗೆ ಮೂರು ಕಡೆಯಿಂದ ನೋಡೋ ನಕ್ಷೆ ಪ್ರಿಂಟ್ ತೆಗೆಸಿ ತಂದೆ. ಅದರ ಮೇಲೆ ಬಾಡಿಯ ಎಲ್ಲೆಲ್ಲಿ ಅಡ್ಡಕ್ಕೆ ಕೊಯ್ದ್ರೆ ಯಾವ ಆಕಾರ ಬರತ್ತೋ ಆ ಆಕಾರಕ್ಕೆ ರಟ್ಟು ಕತ್ತರಿಸಿ ಐದು ತೊಟ್ಟಿಲು ಮಾಡಿದ್ರು. ಒಂದು ಪ್ಲೈವುಡ್ ಹಲಗೆ ಮೇಲೆ ನೇರ ಗೆರೆ ಎಳೆದು ಆ ಐದನ್ನೂ ಲಂಬಕ್ಕೆ ಅಂಟಿಸಿದ್ರು. ಅವ್ರ ಕೈ ಈಗ ನಡುಗತ್ತೆ, ಕಾಫಿ ಲೋಟ ಹಿಡಿದ್ರೆ ಗೊತ್ತಾಗತ್ತೆ. ಬ್ಲೇಡ್ ಹಿಡಿದು ಸ್ಕೇಲಿಗೆ ಒತ್ತಿದಾಗ ಮಾತ್ರ ಒಂದೇ ಎಳೆತ, ರಟ್ಟು ಸದ್ದಿಲ್ದೆ ಬಿಟ್ಕೊಳ್ತಿತ್ತು.

ಮೊದಲು ಅಂಟಿರೋದನ್ನ ಬಿಡಿಸ್ಬೇಕಿತ್ತು. ಇದಕ್ಕೆ ಹೆದರ್ಬೇಡಿ, ಆಗತ್ತೆ. ತೆಳ್ಳಗಿನ ಮಾಡೆಲ್ ಸಿಮೆಂಟನ್ನೇ ಜಾಯಿಂಟ್ ಉದ್ದಕ್ಕೂ ಮತ್ತೆ ಹರಿಯೋಕೆ ಬಿಟ್ಟು, ಒಂದು ನಿಮಿಷ ಬಿಟ್ಟು, ಸಣ್ಣ ಗರಗಸದ ಬ್ಲೇಡಲ್ಲಿ ಎಳೆದ್ರೆ ಬಿಡತ್ತೆ. ಒಂದು ಕಡೆ ಸೀಳ್ತು, ಪರವಾಗಿಲ್ಲ. ಆಮೇಲೆ ಎಲ್ಲಾ ಭಾಗಗಳನ್ನೂ ಅಂಟೇ ಇಲ್ದೆ ಆ ತೊಟ್ಟಿಲುಗಳಲ್ಲಿ ಕೂರಿಸಿ, ಬಟ್ಟೆ ಕ್ಲಿಪ್ ಹಾಕಿ, ಸಂದಿ ಎಲ್ಲೆಲ್ಲಿದೆ ಅಂತ ಪೆನ್ಸಿಲಲ್ಲಿ ಗುರುತು ಮಾಡ್ಕೊಂಡ್ವಿ. ಆಗ ಗೊತ್ತಾಗಿದ್ದು, ಸಮಸ್ಯೆ ಮೂಗಿಂದಲ್ಲ. ಒಳಗಿಟ್ಟ ಎಂಜಿನ್ ಒಂದೂವರೆ ಮಿಲಿಮೀಟರ್ ದಪ್ಪ ಜಾಸ್ತಿಯಾಗಿ ಮಧ್ಯದ ಭಾಗನ ಒಳಗಿಂದ ಅಗಲಿಸ್ತಾ ಇತ್ತು! ಬಾಗಿಲು ಮುಚ್ಚಿದ್ಮೇಲೆ ಎಂಜಿನ್ ಯಾರಿಗೂ ಕಾಣಲ್ಲ, ಹಿಂದಿನ ನಾಝಲ್ ಮಾತ್ರ ಕಾಣೋದು. ಅಪ್ಪ ಅಂದ್ರು "ತೆಗೆದು ಬಿಸಾಕು". ವಾರಗಟ್ಟಲೆ ಕೂತು ಬಣ್ಣ ಹಚ್ಚಿದ್ದ ಎಂಜಿನ್‌ಗಳು. ತೆಗೆದೆ, ನಾಝಲ್ ಕೊಯ್ದು ಅಷ್ಟನ್ನೇ ಇಟ್ಕೊಂಡೆ. ಬಾಡಿ ತಾನಾಗೇ ಮುಚ್ಕೊಳ್ತು.

ಉಳಿದ ಸಂದಿಗೆ ಪುಟ್ಟಿ ತೆಗೀತಿದ್ರೆ ಅಪ್ಪ ಕೈ ಹಿಡಿದ್ರು. ಸಂದಿ ಇದ್ದಲ್ಲಿ ಶಿಮ್ ಹಾಕ್ಬೇಕು ಅಂತೆ, ಅಂದ್ರೆ ತೆಳ್ಳನೆ ತಗಡು. ನಮಗೆ ತಗಡಲ್ಲ, ಅದೇ ಜಾತಿ ಪ್ಲಾಸ್ಟಿಕ್ ಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ದಿರೋ ವಿಷಯ, ಹೇಳ್ಬಿಡ್ತೀನಿ: ಯೂಸ್ ಅಂಡ್ ಥ್ರೋ ಡಬ್ಬ, ಮುಚ್ಚಳಗಳ ತಳದಲ್ಲಿ ತ್ರಿಕೋನದ ಒಳಗೆ ಒಂದು ನಂಬರ್ ಇರತ್ತೆ. 6 ಅಂತಿದ್ರೆ ಅದು ಪಾಲಿಸ್ಟೈರೀನ್, ಕಿಟ್‌ನ ಪ್ಲಾಸ್ಟಿಕ್ ಜಾತೀದೇ, ಮಾಡೆಲ್ ಸಿಮೆಂಟ್ ಅದನ್ನ ಕರಗಿಸಿ ಒಂದು ಮಾಡತ್ತೆ. ಹಳೇ ಎಟಿಎಂ ಕಾರ್ಡ್ ಹಾಕ್ಬೇಡಿ, ಅದು ಪಿವಿಸಿ. ಮದುವೆ ಮನೆ ಐಸ್‌ಕ್ರೀಮ್ ಕಪ್ಪಿನ ಮುಚ್ಚಳ ಕತ್ತರಿಸಿ ಪಟ್ಟಿ ಮಾಡಿ ತೂರಿಸಿ, ಅಂಟು ಬಿಟ್ಟು, ಒಣಗಿದ್ಮೇಲೆ ಹೆಚ್ಚಿನದನ್ನ ಕೆತ್ತಿ ತೆಗೆದ್ವಿ. ಪುಟ್ಟಿ ಬೇಕಾಗಿದ್ದು ಕೂದಲೆಳೆಯಷ್ಟು.

ಎರಡು ತಿಂಗಳಲ್ಲಿ ನನ್ನ ಕೈಲಾಗದ್ದು ಮೂರು ಸಂಜೇಲಿ ಆಯ್ತು. ನಂಗೆ ಸ್ವಲ್ಪ ಅವಮಾನನೂ ಆಯ್ತು, ಸುಳ್ಳ್ಯಾಕೆ ಹೇಳ್ಲಿ.

ರೆಕ್ಕೆ ವಿಷಯದಲ್ಲಿ ಇನ್ನೊಂದು ಎಡವಟ್ಟು. ಜಾಗ್ವಾರ್‌ದು ಒಂದು ವಿಶೇಷ ಇದೆ, ಬೇರೆ ವಿಮಾನಕ್ಕೆ ಹೊಡೆಯೋ ಮಿಸೈಲ್‌ನ ರೆಕ್ಕೆ ಕೆಳಗಲ್ಲ, ರೆಕ್ಕೆ ಮೇಲೆ ಕೂರಿಸೋ ವ್ಯವಸ್ಥೆ. ನಮ್ಮವಕ್ಕೆ ಮೊದಲು ಹಾಕ್ತಿದ್ದಿದ್ದು ಮ್ಯಾಜಿಕ್ ಅನ್ನೋ ಫ್ರೆಂಚ್ ಮಿಸೈಲ್, ಇಂಗ್ಲೆಂಡಿನವ್ರು 1991ರ ಗಲ್ಫ್ ಯುದ್ಧದ ಹೊತ್ತಿಗೆ ಈ ವ್ಯವಸ್ಥೆ ಹಾಕ್ಕೊಂಡ್ರು. ಆ ಮಿಸೈಲ್ ಹಿಡಿದಿಡೋ ಪೈಲಾನ್ ಕೂರಿಸೋ ತೂತು ರೆಕ್ಕೆಯ ಒಳಮೈಯಲ್ಲಿ ಅರ್ಧ ಮಾತ್ರ ಕೊರೆದಿರ್ತಾರೆ, ರೆಕ್ಕೆಯ ಮೇಲಿನ ಕೆಳಗಿನ ಹೋಳು ಅಂಟಿಸೋ ಮುಂಚೆ ಒಳಗಿಂದ ಡ್ರಿಲ್ ಹಾಕಿ ಪೂರ್ತಿ ಮಾಡ್ಕೋಬೇಕು. ಶೀಟಲ್ಲಿ ಇದು ಸಾಸಿವೆ ಕಾಳಷ್ಟು ದೊಡ್ಡ ಚಿತ್ರ. ನಾನು ಅಂಟಿಸಿ, ಉಜ್ಜಿ, ಮುಗಿಸಿ ಹೆಮ್ಮೆಯಿಂದ ನೋಡ್ತಿದ್ದಾಗ ನೆನಪಾಯ್ತು. ಆಮೇಲೆ ಕಿಟಕಿ ಬೆಳಕಿಗೆ ರೆಕ್ಕೆ ಹಿಡಿದು, ಪ್ಲಾಸ್ಟಿಕ್ ಒಳಗಿಂದ ಮಂದವಾಗಿ ಕಾಣೋ ಚುಕ್ಕೆ ಅಂದಾಜು ಮಾಡಿ, ಮೇಲಿಂದ ಕೊರೆದೆ. ಎರಡರಲ್ಲಿ ಒಂದು ಸರಿ ಬಿತ್ತು. ನೀವು ಏನೂ ಅಂಟಿಸೋ ಮುಂಚೆ ಇಡೀ ಶೀಟ್ ಕೂತು ಓದಿ, ಎಲ್ಲೆಲ್ಲಿ ತೂತು ಕೊರೀಬೇಕೋ ಅಲ್ಲೆಲ್ಲಾ ಕೆಂಪು ಪೆನ್ನಲ್ಲಿ ಸುತ್ತಿ.

ಹಿಂದಿನ ಪುಟ್ಟ ರೆಕ್ಕೆಗಳು ಕೆಳಗೆ ಇಳಿಬಿದ್ದಿರ್ಬೇಕು, ಸಮತಟ್ಟಲ್ಲ. ಇದಕ್ಕೂ ರಟ್ಟಿನ ಜಿಗ್, ಎರಡೂ ಕಡೆ ಒಂದೇ ಓರೆ. ಆ ಕೆಲಸದ ಮಧ್ಯೆ ಅಪ್ಪ ತಾನಾಗೇ ಮಾತಾಡಿದ್ರು. "ಈ ಗಾಡಿಗೆ ಏಲೆರಾನೇ ಇಲ್ಲ, ಗೊತ್ತೇನೋ? ರೆಕ್ಕೆ ಹಿಂಬದಿ ಪೂರ್ತಿ ಫ್ಲ್ಯಾಪು. ಮಗ್ಗುಲಾಗ್ಬೇಕು ಅಂದ್ರೆ ಮೇಲಿನ ಸ್ಪಾಯ್ಲರ್ ಏಳತ್ತೆ, ಜತೆಗೆ ಈ ಹಿಂದಿನವು ಒಂದು ಮೇಲೆ ಒಂದು ಕೆಳಗೆ." ಏಲೆರಾನ್ ಅಂದ್ರೆ ವಿಮಾನ ಮಗ್ಗುಲಾಗೋಕೆ ರೆಕ್ಕೆ ಹಿಂಬದೀಲಿ ಇರೋ ಪಟ್ಟಿ. ಎರಡೂ ಅಂಗೈ ಟೇಬಲ್ ಮೇಲೆ ಹರಡಿ ಒಂದನ್ನ ಎತ್ತಿ ಒಂದನ್ನ ತಗ್ಗಿಸಿ ತೋರಿಸಿದ್ರು. ನಲವತ್ತು ವರ್ಷದಲ್ಲಿ ಶಾಪ್ ಬಗ್ಗೆ ಅವ್ರು ನನ್ನ ಹತ್ರ ಆಡಿದ ಅತೀ ಉದ್ದದ ಮಾತು ಅದು.

ಮೂಗಿಗೆ ಭಾರ ತುಂಬೋದು ಮರೀಬೇಡಿ, ಇಲ್ಲಾಂದ್ರೆ ಬಾಲದ ಮೇಲೆ ಕೂತ್ಬಿಡತ್ತೆ. ನಾನು ಸೈಕಲ್ ಶಾಪಿಂದ ಬಾಲ್ಸ್ ತಂದು ಅಂಟಲ್ಲಿ ಕಲಸಿ ಕಾಕ್‌ಪಿಟ್ ಹಿಂದೆ, ಕೆಳಗೆ ತುಂಬಿದೆ. ಇಪ್ಪತ್ತು ರೂಪಾಯಿ. ಇಡೀ ಪ್ರಾಜೆಕ್ಟಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ದೆ ಸಿಕ್ಕಿದ್ದು ಅದೊಂದೇ.

ಮಾರ್ಚಲ್ಲಿ ಪ್ರೈಮರ್. ಪ್ರೈಮರ್ ಹೊಡೆಯೋ ತನಕ ಎಲ್ಲಾ ನುಣ್ಣಗಿದೆ ಅನ್ಸತ್ತೆ, ಒಂದೇ ಬಣ್ಣ ಆದ್ಮೇಲೆ ಜಾಯಿಂಟೆಲ್ಲಾ ಗಾಯದ ಗುರುತಿನ ಥರ ಎದ್ದು ಕೂರ್ತವೆ. 400, 600, 1000 ವಾಟರ್ ಪೇಪರ್, ನೀರು, ಮತ್ತೆ ಪ್ರೈಮರ್. ನಾಲ್ಕು ಸುತ್ತು. ಉಜ್ಜಿ ಉಜ್ಜಿ ರಿವೆಟ್ ಗುರುತು ಹೋದವು, ಅದಕ್ಕೆ ವಾಚ್ ರಿಪೇರಿಯವರ ಹತ್ರ ಒಂದು ಪುಟ್ಟ ಹಲ್ಲಿನ ಚಕ್ರ ಇಸ್ಕೊಂಡು ಕಡ್ಡಿಗೆ ಸಿಕ್ಕಿಸಿ ಸ್ಕೇಲ್ ಪಕ್ಕ ಉರುಳಿಸ್ದೆ. ಹೊಸಾ ರಿವೆಟ್ ಸಾಲು ರೆಡಿ.

ಪೇಂಟ್ ಬಗ್ಗೆ ಒಂದು ಮಾತು. ಲ್ಯಾಕರ್ ಪೇಂಟ್ ಬೆಂಕಿ ಹತ್ತೋ ವಸ್ತು, ಹೊರದೇಶದಿಂದ ವಿಮಾನದಲ್ಲಿ ಬರಲ್ಲ, ಆರ್ಡರ್ ಮಾಡಿ ಕಾಯ್ಬೇಡಿ. ಇಲ್ಲಿನ ಅಂಗಡಿಯವ್ರು ರಸ್ತೆ ಮೇಲೆ ಬರೋ ಕೊರಿಯರಲ್ಲಿ ಕಳಿಸ್ತಾರೆ, ವಾರ–ಹತ್ತು ದಿನ. ಬಾಲ್ಕನೀಲೇ ಹೊಡೀರಿ, ಮಾಸ್ಕ್ ಹಾಕ್ಕೊಳಿ, ಬಟ್ಟೆ ಮಾಸ್ಕ್ ಅಲ್ಲ, ಫಿಲ್ಟರ್ ಇರೋದು. ನಾನು ಮೊದಲನೇ ದಿನ ಹಾಲ್‌ನಲ್ಲಿ ಹೊಡೆದು ಮನೆಮಂದಿಗೆಲ್ಲಾ ತಲೆನೋವು ತರಿಸಿ, ಅವತ್ತು ಎಲ್ರಿಗೂ ಹೋಟೆಲಲ್ಲಿ ಊಟ ಕೊಡಿಸ್ಬೇಕಾಯ್ತು, ಆ ಖರ್ಚು ಕೆಳಗಿನ ಲೆಕ್ಕದಲ್ಲಿ ಸೇರಿಸಿಲ್ಲ.

ನಾನು ಆರಿಸ್ಕೊಂಡಿದ್ದು ಅಂಬಾಲಾದ 14ನೇ ಸ್ಕ್ವಾಡ್ರನ್, ಬುಲ್ಸ್, ಶುರುವಿನ ವರ್ಷಗಳ ಬಣ್ಣ, ಮೇಲೆ ಕಡು ಬೂದಿ, ಕಡು ಹಸಿರು ಅಲೆ ಅಲೆಯಾಗಿ. ಎರಡು ಬಣ್ಣದ ಅಂಚು ತೀರಾ ಚೂಪೂ ಇರ್ಬಾರ್ದು, ಮಸುಕೂ ಆಗ್ಬಾರ್ದು. ಅದಕ್ಕೆ ಗೋಡೆಗೆ ಪೋಸ್ಟರ್ ಅಂಟಿಸೋ ನೀಲಿ ಗಮ್ ಬರತ್ತಲ್ಲ, ಅದನ್ನ ಕೋಡುಬಳೆಗೆ ಹೊಸೆದಂಗೆ ಹೊಸೆದು ಅಂಚಿಗೆ ಇಡ್ಬೇಕು. ಈ ಡಿಪಾರ್ಟ್‌ಮೆಂಟ್ ಮಗಳು ವಹಿಸ್ಕೊಂಡ್ಲು, ನನಗಿಂತ ನೀಟಾಗಿ ಹೊಸೀತಾಳೆ. ಏರ್‌ಬ್ರಷ್ 0.3 ಸೂಜಿ, ಗಾಳಿ 15 ಪಿಎಸ್‌ಐ, ಪೇಂಟ್ ಹಾಲಿನ ಹದಕ್ಕೆ, ಮೇಲಿಂದ ನೇರಕ್ಕೆ ಹೊಡೀಬೇಕು. ಓರೆಗೆ ಹೊಡೆದ್ರೆ ಕೋಡುಬಳೆ ಅಡಿಗೆ ನುಗ್ಗತ್ತೆ.

ಇದರ ಮಧ್ಯೆ ಕ್ಯಾನೊಪಿ ದುರಂತ. ಮುಂದಿನ ಗಾಜಿನ ಭಾಗ ಸ್ವಲ್ಪ ಎದ್ದಿತ್ತು ಅಂತ ಒಂದು ಹನಿ ಸೂಪರ್ ಗ್ಲೂ ಬಿಟ್ಟೆ. ಸೂಪರ್ ಗ್ಲೂ ಆವಿ ಪಾರದರ್ಶಕ ಪ್ಲಾಸ್ಟಿಕ್‌ಗೆ ತಗುಲಿದ್ರೆ ಮಂಜು ಕಟ್ಟತ್ತೆ ಅಂತ ಎಲ್ಲಾ ಕಡೆ ಬರೆದಿರ್ತಾರೆ, ನಾನೂ ಓದಿದ್ದೆ, ಒಂದು ಹನಿ ತಾನೇ ಅಂದ್ಕೊಂಡೆ. ಬೆಳಗ್ಗೆ ಗಾಜು, ಪಕ್ಕದಲ್ಲಿಟ್ಟಿದ್ದ ಕ್ಯಾನೊಪಿ ಎರಡೂ ಮಡಿಕೇರಿ ಬೆಟ್ಟದ ಥರ ಬೆಳ್ಳಗೆ. ಪಾಲಿಶ್ ಮಾಡ್ದೆ, ಒಳಗಡೆ ಕೈ ಹೋಗಲ್ಲ. ಪುಣೇಲಿರೋ ಒಬ್ಬ ಮಾಡೆಲರ್ ತನ್ನ ಅರ್ಧಕ್ಕೆ ಬಿಟ್ಟ ಇದೇ ಕಿಟ್‌ನಿಂದ ಗಾಜಿನ ಪಾರ್ಟ್ ಪೂರ್ತಿ ಕಳಿಸಿಕೊಟ್ರು, ದುಡ್ಡು ಬೇಡ ಅಂದ್ರು, ಧಾರವಾಡ ಪೇಡ ಕಳಿಸ್ದೆ. "ನಾನು ಫ್ಯೂಸಲೇಜ್ ಹತ್ರಾನೇ ಸೋತೆ" ಅಂತ ಒಂದು ಚೀಟಿ ಇಟ್ಟಿದ್ರು ಒಳಗೆ. ಗಾಜಿಗೆ ಬಿಳೀ ಫೆವಿಕಾಲ್ ಸಾಕು, ಒಣಗಿದ್ಮೇಲೆ ಕಾಣಲ್ಲ.

ಜೂನಲ್ಲಿ ಹೊಳಪಿನ ಕೋಟ್. ಡೆಕಾಲ್ (ನೀರಲ್ಲಿ ಅದ್ದಿ ಅಂಟಿಸೋ ಚಿತ್ರ, ಗುರುತುಗಳು) ಅಂಟಿಸೋ ಮುಂಚೆ ಮೈ ಹೊಳಪಾಗಿರ್ಬೇಕು, ಇಲ್ದಿದ್ರೆ ಡೆಕಾಲ್ ಅಡಿಗೆ ಗಾಳಿ ಸಿಕ್ಕಿ ಬೆಳ್ಳಿ ಬೆಳ್ಳಿ ಕಾಣತ್ತೆ. ಮಳೆ ಹೊಯ್ತಿದ್ದ ಸಂಜೆ ಅವಸರಕ್ಕೆ ಬಿದ್ದು ಲ್ಯಾಕರ್ ಹೊಡೆದೆ. ಕಣ್ಣೆದುರಿಗೇ ಇಡೀ ವಿಮಾನ ವಿಭೂತಿ ಬಳ್ಕೊಂಡಂಗೆ ಬೆಳ್ಳಗಾಯ್ತು. ಗಾಳೀಲಿ ತೇವ ಜಾಸ್ತಿ ಇದ್ರೆ ಹಂಗೇ ಆಗೋದು. ಅಳು ಬರೋದೊಂದು ಬಾಕಿ. ಎರಡು ದಿನ ಮುಟ್ಲಿಲ್ಲ, ಬಿಸಿಲು ಬಂದ ದಿನ ಬರೀ ಥಿನ್ನರ್‌ನ ತುಂಬಾ ತೆಳುವಾಗಿ ಮೇಲೆ ಹೊಡೆದೆ, ಬಿಳುಪು ಕರಗಿ ಬಣ್ಣ ವಾಪಸ್ ಬಂತು. ಹೆದರ್ಕೊಂಡು ಪೇಪರ್ ಹಾಕಿ ಉಜ್ಜೋಕೆ ಹೋಗ್ಬೇಡಿ.

ಕಿಟ್ ಜತೆ ಬಂದ ಡೆಕಾಲ್ ನಮ್ಮ ವಾಯುಸೇನೇದಲ್ಲ, ಬೇರೆ ತರಿಸ್ಬೇಕಾಯ್ತು, 2,300. ಒಂದೊಂದನ್ನೂ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಕಾಗದದಿಂದ ಜಾರಿಸಿ, ಬ್ರಷ್ ತುದೀಲಿ ಸರಿ ಮಾಡಿ, ಹತ್ತಿಯಲ್ಲಿ ನೀರು ಒತ್ತೋದು. ಮೂರು ರಾತ್ರಿ. ಮೂರನೇ ಬೆಳಗ್ಗೆ ಅಪ್ಪ ಪೇಪರ್ ಓದ್ತಿದ್ದೋರು ಒಂದ್ಸಲ ಇತ್ತ ನೋಡಿ "ಬಾವುಟ ತಿರುಗ್ಸಿದೀಯ" ಅಂದ್ರು. ಬಾಲದ ಮೇಲಿನ ಮೂರು ಬಣ್ಣದ ಪಟ್ಟೀಲಿ ಕೇಸರಿ ಯಾವಾಗ್ಲೂ ಮುಂದಕ್ಕೆ, ಮೂಗಿನ ಕಡೆಗೆ. ಎಡಗಡೆ ಸರಿ ಇತ್ತು, ಬಲಗಡೆ ನಾನು ಕಾಗದದ ಮೇಲೆ ಹೆಂಗಿತ್ತೋ ಹಂಗೇ ಅಂಟಿಸಿ ಹಸಿರು ಮುಂದೆ ಬಂದಿತ್ತು. ರಾತ್ರಿ ಅಂಟಿಸಿದ್ದು, ಪುಣ್ಯಕ್ಕೆ ಇನ್ನೂ ಬಿಗಿದಿರ್ಲಿಲ್ಲ. ಒದ್ದೆ ಹತ್ತಿ ಅರ್ಧ ಗಂಟೆ ಇಟ್ಟು, ತೇಲಿಸಿ, ಉಸಿರು ಬಿಗಿ ಹಿಡಿದು ಮೇಲ್ಕೆಳಗು ತಿರುಗಿಸಿ ಕೂರಿಸ್ದೆ. ಚೌಕದ ಪಟ್ಟಿ ಆದ್ದರಿಂದ ಬಚಾವ್.

ಕೊನೇಗೆ ಎಣ್ಣೆ ಬಣ್ಣದ ಕಂದು, ಟರ್ಪೆಂಟೈನ್ ಕಲಸಿ ಗೆರೆಗಳಿಗೆಲ್ಲಾ ಬಿಟ್ಟು ಒರೆಸಿ, ಮ್ಯಾಟ್ ಕೋಟ್ ಹೊಡೆದು, ಚಕ್ರ ಹಾಕಿದ್ದು. ಮುಂದೆ ಒಂದು, ಹಿಂದೆ ಎರಡೆರಡು, ಉದ್ದ ಕಾಲು, ಕಚ್ಚಾ ರನ್‌ವೇಲೂ ಇಳೀಲಿ ಅಂತ ಮಾಡಿದ ಕಾಲುಗಳು. ನೋಡೋದಕ್ಕೆ ಬೆಳ್ಳಕ್ಕಿ ನಿಂತಂಗೆ.

ಖರ್ಚು ಕೇಳೋರಿಗೆ: ಕಿಟ್ಟು, ಡ್ಯೂಟಿ ಸೇರಿ 16,251. ಏರ್‌ಬ್ರಷ್, ಪುಟ್ಟ ಕಂಪ್ರೆಸರ್ 6,500, ಇದು ಒಂದೇ ಸಲದ ಖರ್ಚು. ಪೇಂಟ್, ಥಿನ್ನರ್ 3,900. ಡೆಕಾಲ್ 2,300. ಬ್ಲೇಡು, ಪೇಪರು, ಅಂಟು, ಪುಟ್ಟಿ 1,850. ಒಟ್ಟು 30,801. ನಮ್ಮನೇವ್ಳಿಗೆ ಹೇಳಿರೋದು ಹನ್ನೆರಡು ಸಾವಿರ ಅಂತ, ಅವಳು ಇದನ್ನ ಓದ್ತಾಳೆ ಅಂತಾನೂ ಗೊತ್ತು. ಮೊದಲನೇ ಸಲ ಕಟ್ಟೋರು ದಯವಿಟ್ಟು ಇದರಿಂದ ಶುರು ಮಾಡ್ಬೇಡಿ. 1/72ದು, ಎರಡೇ ಹೋಳಿನ ಫ್ಯೂಸಲೇಜ್ ಇರೋದು ಯಾವ್ದಾದ್ರೂ ತಗೊಳಿ. ಆದ್ರೆ ಅದಕ್ಕೂ ರಟ್ಟಿನ ಜಿಗ್ ಮಾಡಿ.

ಸೋಮವಾರ ಅಕ್ರಿಲಿಕ್ ಕೇಸ್ ಮಾಡಿಸೋಣ ಅಂತ ಅಳತೆ ತಗೊಂಡು ಅಂಗಡಿಗೆ ಹೋದೆ. 40 ಸೆಂಟಿಮೀಟರ್ ಉದ್ದ, 24 ಅಗಲ, 16 ಎತ್ತರ. ಅವ್ನು ಬರ್ಕೊಂಡು "ಮೀನಿಗಾ ಸಾರ್? ಇದು ಸಣ್ಣದಾಯ್ತು" ಅಂದ. ಗುರುವಾರ ಕೊಡ್ತೀನಿ ಅಂದಿದಾನೆ. ಅಲ್ಲೀವರೆಗೂ ಟಿವಿ ಪಕ್ಕ ಇಡೋಣ ಅಂತ ಹೋದ್ರೆ ವಿಮಾನ ಅಲ್ಲಿರ್ಲಿಲ್ಲ. ಅಪ್ಪ ಅದನ್ನ ತಗೊಂಡ್ಹೋಗಿ ತಮ್ಮ ರೂಮಿನ ಬೀರು ಮೇಲೆ ಮತ್ತೆ ಅದೇ ರಟ್ಟಿನ ತೊಟ್ಟಿಲಲ್ಲಿ ಕೂರಿಸಿದಾರೆ, ಮೇಲೆ ಒಂದು ತೆಳು ಪಂಚೆ. ಯಾಕಪ್ಪ ಅಂದ್ರೆ "ಸುಮ್ನೆ ಅಷ್ಟೊತ್ತು ವೀಲ್ ಮೇಲೆ ಭಾರ ಬಿಡ್ಬಾರ್ದು" ಅಂದ್ರು.